ಕಾಡಿನೊಳಗೆ ಕಳೆದ ನಗರ ಹುಡುಕಿದವರು: ಪ್ರದರ್ಶನದ ಮೇಜಿನ ಮೇಲೆ ಏನಿಡಬೇಕು?

ಹುನಗುಂದ ಮಾಸ್ತರ

ಎಲ್ಲಾರಿಗೂ ನಮಸ್ಕಾರ್ರಿ. ಡಿಸೆಂಬರ್‌ದಾಗ ನಮ್ಮ ಹೈಸ್ಕೂಲಿನ ವಸ್ತುಪ್ರದರ್ಶನ ಐತಿ. ಒಂಬತ್ತನೇ ಇಯತ್ತೆ ಹುಡುಗ್ರು ಕಾಡಿನ್ಯಾಗ ಕಳದ ನಗರ ಹುಡುಕಿದವರ ವಿಷಯ ಆರಿಸ್ಯಾರ. 1925ರಾಗ ಬ್ರೆಜಿಲಿನ ಕಾಡಿನ್ಯಾಗ ಕಾಣೆಯಾದ ಪರ್ಸಿ ಫಾಸೆಟ್ ಹುಡುಕಿದ 'ಝಡ್' ಅನ್ನೋ ನಗರ, ಬಿಂಗಮ್ ಹೋಗಿದ್ದ ಪೆರುವಿನ ಮಾಚು ಪಿಚು, ಸ್ಟೀಫನ್ಸ್ ಮತ್ತ ಕ್ಯಾಥರ್‌ವುಡ್ ಹೋಗಿದ್ದ ಹೊಂಡುರಾಸಿನ ಮಾಯಾ ನಗರ ಕೋಪಾನ್, ಇಷ್ಟು ಇಟ್ಕೊಂಡಾರ. ನೆಟ್‌ನ್ಯಾಗ ಸಿಗೋದೆಲ್ಲಾ ಹಾವು, ಮೊಸಳಿ, ನರಭಕ್ಷಕರ ಕಥಿ. ಅದು ಬ್ಯಾಡ.

ಕೆಲಸದ ಮಾತು ಹೇಳ್ರಿ. ಜಿಪಿಎಸ್ ಇಲ್ಲದ ಕಾಲದಾಗ, ತಲಿ ಮ್ಯಾಲ ಆಕಾಶ ಸುದ್ದಾ ಕಾಣದ ಜಾಗಾದಾಗ ನಿಂತು, ತಾ ಎಲ್ಲಿ ಅದೀನಿ ಅಂತ ಹೆಂಗ ಲೆಕ್ಕ ಹಾಕ್ತಿದ್ರು? ಶಾಲಿ ಅಂಗಳದಾಗ ಮಕ್ಕಳು ಅದನ್ನ ಮಾಡಿ ತೋರಿಸಬಹುದಾ? ಫಾಸೆಟ್‌ನ ಕಡೇ ಕ್ಯಾಂಪು 11°43′ ದಕ್ಷಿಣ, 54°35′ ಪಶ್ಚಿಮ ಅಂತ ಎಲ್ಲಾ ಕಡೆ ಬರದಾರ, ನಕಾಶದಾಗ ಅಲ್ಲೇ ಪಿನ್ ಚುಚ್ಚಲೇನು? ಇನ್ನ ಒಬ್ಬ ಹುಡುಗ ಝಡ್ ನಗರ ಅಂತ ಥರ್ಮೊಕೋಲಿನ ಗೋಪುರ ಕೊರ್‍ಯಾಕ ಕುಂತಾನ. ಬಿಡ್ಲೋ, ನಿಲ್ಲಸ್ಲೋ? ಮೇಜು 6 ಅಡಿ ಉದ್ದ, 3 ಅಡಿ ಅಗಲ. ಖರ್ಚು ಕಮ್ಮಿ ಇರಬೇಕು.

ಕಿಲ್ಲಾ ಕೆರೆ

ಮಾಸ್ತರ, ಪಿನ್ ಚುಚ್ಚಬೇಡಿ. ಯಾಕೆ ಅನ್ನೋದಕ್ಕೆ ಮೊದಲು ಅಳತೆ ಹೇಗೆ ನಡೆಯುತ್ತಿತ್ತು ಅಂತ ತಿಳಿದಿರಬೇಕು.

ಅಕ್ಷಾಂಶ ಸುಲಭ. ಸೂರ್ಯ ಅಥವಾ ನಕ್ಷತ್ರ ನೆತ್ತಿಯ ಗೆರೆ ದಾಟುವಾಗ ಎಷ್ಟು ಎತ್ತರದಲ್ಲಿದೆ ಅಂತ ಸೆಕ್ಸ್‌ಟೆಂಟ್ ಎಂಬ ಕೋನ ಅಳೆಯುವ ಸಾಧನದಲ್ಲಿ ಅಳೆದು, ಪಂಚಾಂಗದ ಪಟ್ಟಿ ನೋಡಿ ಕಳೆದರೆ ಮುಗಿಯಿತು. ಸಮುದ್ರದಲ್ಲಿ ಅಳೆಯಲು ದಿಗಂತದ ಗೆರೆ ಇರುತ್ತದೆ, ಕಾಡಿನಲ್ಲಿ ಇರುವುದಿಲ್ಲ. ಅದಕ್ಕೆ ಅಗಲವಾದ ತಟ್ಟೆಯಲ್ಲಿ ಪಾದರಸ ಸುರಿದು ಅದನ್ನೇ ಕನ್ನಡಿ ಮಾಡಿಕೊಳ್ಳುತ್ತಿದ್ದರು. ಮೇಲಿನ ನಕ್ಷತ್ರಕ್ಕೂ ಪಾದರಸದಲ್ಲಿ ಕಾಣುವ ಅದರ ಬಿಂಬಕ್ಕೂ ನಡುವಿನ ಕೋನ ಅಳೆದು ಅರ್ಧ ಮಾಡಬೇಕು. ತೊಡಕು ಇಲ್ಲೇ ಇದೆ. ಸೆಕ್ಸ್‌ಟೆಂಟಿನ ಕಮಾನು ಸಾಮಾನ್ಯವಾಗಿ 120 ಡಿಗ್ರಿ, ಹೆಚ್ಚೆಂದರೆ 130ರ ಸುತ್ತ ಮುಗಿಯುತ್ತದೆ. ಅಂದರೆ 60–65 ಡಿಗ್ರಿಗಿಂತ ಮೇಲಿರುವ ಸೂರ್ಯ ಪಾದರಸದ ತಟ್ಟೆಗೆ ಸಿಗುವುದಿಲ್ಲ. 12 ಡಿಗ್ರಿ ದಕ್ಷಿಣದಲ್ಲಿ ಜೂನ್ ಮಧ್ಯಾಹ್ನ ಸೂರ್ಯ ಸುಮಾರು 54 ಡಿಗ್ರಿಯಲ್ಲಿ ಇರುತ್ತಾನೆ, ನಡೆಯುತ್ತದೆ. ಡಿಸೆಂಬರ್‌ನಲ್ಲಿ 78 ಡಿಗ್ರಿ ದಾಟಿರುತ್ತಾನೆ, ನಡೆಯುವುದಿಲ್ಲ. ಆಗ ರಾತ್ರಿ ನಕ್ಷತ್ರ ಹಿಡಿಯಬೇಕು, ಅದಕ್ಕೆ ನದಿಯ ಮರಳದಿಬ್ಬ ಹುಡುಕಬೇಕು ಇಲ್ಲವೇ ಮರ ಕಡಿದು ಆಕಾಶ ತೆರೆಯಬೇಕು. ನದಿ ದಂಡೆಯಲ್ಲಿ ರಾತ್ರಿ ಮಂಜು. ಗಾಳಿ ಬೀಸಿದರೆ ಪಾದರಸ ನಡುಗಿ ನಕ್ಷತ್ರ ಚೂರುಚೂರಾಗಿ ಕಾಣುತ್ತದೆ, ಅದಕ್ಕೇ ಮೇಲೆ ಗಾಜಿನ ಮುಚ್ಚಿಗೆ.

ರೇಖಾಂಶ ಕಷ್ಟ, ಯಾಕಂದರೆ ಅದು ಪೂರ್ತಿ ಗಡಿಯಾರದ ಮೇಲೆ ನಿಂತಿದೆ. ಭೂಮಿ 4 ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಗ್ರೀನಿಚ್ ಸಮಯ ಹೊತ್ತ ಕ್ರೊನೊಮೀಟರ್ 4 ಸೆಕೆಂಡು ತಪ್ಪಿದರೆ ಸಮಭಾಜಕದ ಹತ್ತಿರ ನೀವು 1.85 ಕಿ.ಮೀ. ತಪ್ಪುತ್ತೀರಿ. ದಿನಕ್ಕೆ 4 ಸೆಕೆಂಡಿನಂತೆ ತಿಂಗಳು ನಡೆದರೆ ತಪ್ಪು ಎರಡು ನಿಮಿಷ, ಅಂದರೆ 55 ಕಿ.ಮೀ. ಗಡಿಯಾರ ನಿಧಾನ ಹೋಗುವುದು ದೊಡ್ಡ ಸಮಸ್ಯೆಯಲ್ಲ. ನಿಧಾನ ಒಂದೇ ತೆರನಾಗಿದ್ದರೆ ಲೆಕ್ಕದಲ್ಲಿ ಕಳೆಯಬಹುದು. ಹೇಸರಗತ್ತೆ ಬೆನ್ನ ಮೇಲೆ ಕುಲುಕಿ, ದೋಣಿ ಮಗುಚಿ, ಹಗಲು ಕಾದು ರಾತ್ರಿ ತಣ್ಣಗಾಗಿ ಆ ನಡೆಯೇ ಬದಲಾಗುತ್ತಿತ್ತು. ಎರಡು ಗಡಿಯಾರ ಒಯ್ದರೆ ಯಾವುದು ಸುಳ್ಳು ಅಂತ ಗೊತ್ತಾಗುವುದಿಲ್ಲ, ಅದಕ್ಕೆ ಕನಿಷ್ಠ ಮೂರು ಬೇಕು. ಅನುಮಾನ ಬಂದಾಗ ಗುರುವಿನ ಚಂದ್ರಗಳ ಗ್ರಹಣ, ಇಲ್ಲವೇ ಚಂದ್ರನ ಹಿಂದೆ ನಕ್ಷತ್ರ ಮರೆಯಾಗುವ ಕ್ಷಣ ನೋಡಿ ತಿದ್ದುತ್ತಿದ್ದರು. 1910ರ ದಶಕದಿಂದ ರೇಡಿಯೊದಲ್ಲಿ ಸಮಯದ ಸಂಕೇತ ಬರತೊಡಗಿದ ಮೇಲೆ ಈ ತಾಪತ್ರಯ ಇಳಿಯಿತು. ಅಮೆರಿಕದ ಅನ್ವೇಷಕ ಹ್ಯಾಮಿಲ್ಟನ್ ರೈಸ್ 1924–25ರಲ್ಲಿ ಅಮೆಜಾನಿಗೆ ಶಾರ್ಟ್‌ವೇವ್ ರೇಡಿಯೊ ಮತ್ತು ನೀರಿನ ಮೇಲಿಳಿಯುವ ವಿಮಾನ ಎರಡನ್ನೂ ಒಯ್ದಿದ್ದ. ಫಾಸೆಟ್ ಬಳಿ ಎರಡೂ ಇರಲಿಲ್ಲ.

ಈಗ ಪಿನ್ನಿಗೆ ಬರೋಣ. ಫಾಸೆಟ್ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಸರ್ವೆ ಕಲಿತವನು, 1906ರಿಂದ ಬೊಲಿವಿಯಾದ ಗಡಿ ಅಳೆದವನು. ಆದರೆ 1925ರ ಮೇ 19ಕ್ಕೆ ಆ ತಂಡ ಇನ್ನೂ ಬಕಾಯಿರಿ ಠಾಣೆಯಲ್ಲಿತ್ತು. ಮೇ 29ರ ಕೊನೆಯ ಪತ್ರ 'ಸತ್ತ ಕುದುರೆ ಕ್ಯಾಂಪಿನಿಂದ' ಬರೆದದ್ದು. ಠಾಣೆಯಿಂದ 11°43′ ಅಂದರೆ ನೇರ ಗೆರೆಯಲ್ಲೇ 200 ಕಿ.ಮೀ.ಗೂ ಹೆಚ್ಚು. ದಾರಿ ಕಡಿದುಕೊಂಡು, ಒಬ್ಬನ ಕಾಲು ಬಾತಿರುವಾಗ, ಹತ್ತು ದಿನದಲ್ಲಿ? ಇಂಥ ಸರ್ವೇಯರ್ ಸುಲಭದ ಅಕ್ಷಾಂಶದಲ್ಲಿ ಅಷ್ಟು ತಪ್ಪುವುದು ನಂಬಲಾಗದ ಮಾತು. ಪ್ರತಿಸ್ಪರ್ಧಿಗಳ ಭಯಕ್ಕೆ ದಾರಿ ಗುಟ್ಟಾಗಿಟ್ಟಿದ್ದ ಮನುಷ್ಯ, ಅಂಕಿಯನ್ನೂ ಬೇಕಂತಲೇ ತಿರುಚಿದ ಎಂಬ ಅನುಮಾನ ಅದಕ್ಕೇ ಬಲವಾಗಿರುವುದು. ತಂಡ ಹೊರಟ ಕುಯಾಬಾ ಪಟ್ಟಣದಿಂದ ಮೇಲಿನ ಶಿಂಗು ನದಿಯ ಕಡೆಗೆ ಚುಕ್ಕೆಗೆರೆ ಎಳೆದು, ತುದಿಯಲ್ಲಿ ದಿನಾಂಕ ಮಾತ್ರ ಬರೆಯಿರಿ.

ಅಂಗಳದ ಪ್ರಯೋಗ ಖಂಡಿತ ಆಗುತ್ತದೆ. 1 ಮೀಟರ್ ಕೋಲು ನೆಡಿ, ಗೌಂಡಿಯವರ ತೂಗುಗುಂಡು ಹಿಡಿದು ನೆಟ್ಟಗಿದೆಯೇ ನೋಡಿ. ನೆಲ ಸಮತಟ್ಟಾಗಿರಲಿ. ಕೋಲಿನ ತುದಿಗೆ ತಗಡಿನ ಚೂರು ಬಡಿದು ಅದರಲ್ಲಿ 5 ಮಿ.ಮೀ. ತೂತು ಮಾಡಿ. ಬರೀ ಕೋಲಾದರೆ ನೆರಳಿನ ತುದಿ ಮಸುಕಾಗಿ ಎಲ್ಲಿ ಗುರುತು ಹಾಕಬೇಕೆಂಬ ಜಗಳ ಶುರುವಾಗುತ್ತದೆ, ತೂತಾದರೆ ಬೆಳಕಿನ ಚುಕ್ಕೆಯ ನಡುವೆ ಸೀಮೆಸುಣ್ಣ ಇಟ್ಟರಾಯಿತು. ಅಳತೆ ಯಾವಾಗಲೂ ತೂತಿನ ನೇರ ಕೆಳಗಿನ ಬಿಂದುವಿನಿಂದ, ಕೋಲಿನ ಬುಡದಿಂದ ಅಲ್ಲ. ಹನ್ನೊಂದಕ್ಕೆ ಚುಕ್ಕೆ ಗುರುತು ಹಾಕಿ, ಅಷ್ಟೇ ತ್ರಿಜ್ಯಕ್ಕೆ ಹಗ್ಗದಲ್ಲಿ ವೃತ್ತ ಎಳೆಯಿರಿ. ಮಧ್ಯಾಹ್ನದ ಮೇಲೆ ಚುಕ್ಕೆ ಮತ್ತೆ ವೃತ್ತ ಮುಟ್ಟಿದ ಗಳಿಗೆ ಬರೆದುಕೊಳ್ಳಿ. ಎರಡರ ನಟ್ಟನಡುವಿನ ಸಮಯವೇ ನಿಮ್ಮೂರಿನ ನಡುಹಗಲು. ಹೀಗೆ ನಾಲ್ಕೈದು ವೃತ್ತ ಎಳೆದು ಸರಾಸರಿ ತೆಗೆಯಿರಿ.

ಭಾರತೀಯ ಸಮಯ 82°30′ ಪೂರ್ವಕ್ಕೆ ಸೇರಿದ್ದು, ಹುನಗುಂದ ಸುಮಾರು 76°04′. ವ್ಯತ್ಯಾಸ 26 ನಿಮಿಷ. ಸೂರ್ಯ ಗಡಿಯಾರದಂತೆ ಸಮನಾಗಿ ಓಡುವುದಿಲ್ಲ: ನವೆಂಬರ್ ಮೊದಲಿಗೆ 16 ನಿಮಿಷ ಮುಂದಿರುತ್ತಾನೆ, ಫೆಬ್ರುವರಿ ನಡುವೆ 14 ನಿಮಿಷ ಹಿಂದೆ. ಡಿಸೆಂಬರ್ 25ರ ಹೊತ್ತಿಗೆ ಈ ತಿದ್ದುಪಡಿ ಸೊನ್ನೆಗೆ ಬರುತ್ತದೆ, ಆಗ ನಡುಹಗಲು 12:26ರ ಆಸುಪಾಸು. ಒಂದು ನಿಮಿಷ ತಪ್ಪಿದರೆ ಹುನಗುಂದ 27 ಕಿ.ಮೀ. ಪಕ್ಕಕ್ಕೆ ಸರಿಯುತ್ತದೆ, ಬಾಗಲಕೋಟೆಯ ಅರ್ಧಕ್ಕಿಂತ ಹೆಚ್ಚು ದಾರಿ. ಅಕ್ಷಾಂಶಕ್ಕೆ ಅದೇ ನೆರಳು ಸಾಕು. ಡಿಸೆಂಬರ್ 21–22ಕ್ಕೆ 1 ಮೀಟರ್ ಎತ್ತರದ ತೂತಿಗೆ ಅತಿ ಚಿಕ್ಕ ನೆರಳು 82 ಸೆಂ.ಮೀ. ಇರಬೇಕು. 2 ಸೆಂ.ಮೀ. ತಪ್ಪಿದರೆ 75 ಕಿ.ಮೀ. ಹೋಯಿತು.

ಪಾದರಸದ ತಟ್ಟೆ ತೋರಿಸಬೇಕೆಂದರೆ ಗ್ಯಾರೇಜಿನ ಹಳೇ ಕಪ್ಪು ಆಯಿಲ್ ತಾಟಿನಲ್ಲಿ ಹಾಕಿ. ಬಿಂಬ ಚಲೋ ಬರುತ್ತದೆ, ವಿಷದ ಆವಿ ಇಲ್ಲ. ಚಂದ್ರನನ್ನೋ ದೂರದ ದೀಪವನ್ನೋ ಅಳೆಯಲಿ. ಸೂರ್ಯನ ಕಡೆ ಯಾರೂ ಕಣ್ಣಿಡುವಂತಿಲ್ಲ, ಆಯಿಲಿನ ಬಿಂಬಕ್ಕೂ ಇದೇ ಮಾತು.

ಬಾರಾಕಮಾನು

ಕಿಲ್ಲಾ ಕೆರೆಯವರು ದಾರಿ ಹೇಳಿದ್ರು, ನಾ ಹೊಟ್ಟಿ ಲೆಕ್ಕ ಹೇಳ್ತೀನಿ. ಬಾಳ ಮಂದಿ ಸೋತಿದ್ದು ಇಲ್ಲೇ.

ಫಾಸೆಟ್‌ನ ತಂಡದಾಗ ತಾನು, ಮಗ ಜಾಕ್, ಜಾಕ್‌ನ ಗೆಳೆಯ ರಾಲೀ ರಿಮೆಲ್, ಕೂಲಿಗೆ ಇಬ್ಬರು ಬ್ರೆಜಿಲಿನವರು. ಜೋಡಿ ಎಂಟು ಹೇಸರಗತ್ತಿ, ಎರಡು ಕುದುರಿ, ಎರಡು ನಾಯಿ. ಒಂದು ಹೇಸರಗತ್ತಿ ದಿನಾ ಹೊರೋದು 70–80 ಕೆ.ಜಿ. ಅಂತ ಹಿಡೀರಿ, ಎಂಟಕ್ಕ 600 ಕೆ.ಜಿ. ಅದರಾಗ ಗುಡಾರ, ಉಪಕರಣ, ತೋಟಾ, ಔಷಧ, ಊರವರಿಗೆ ಕೊಡೋ ಚಾಕು ಮಣಿ ಎಲ್ಲಾ ತಗದ್ರ ಕಾಳುಕಡಿಗೆ ಅರ್ಧ ಉಳದ್ರ ದೊಡ್ಡದು. ಐದು ಮಂದಿಗೆ ದಿನಕ್ಕ 5 ಕೆ.ಜಿ. ಒಣ ಆಹಾರ ಬೇಕು. ಅಂದ್ರ 300 ಕೆ.ಜಿ. ಎರಡು ತಿಂಗಳಿಗೆ ಖಲಾಸ್.

ಖರೇ ಪ್ಯಾಚು ಬರೋದು ಪ್ರಾಣಿ ಹೊಟ್ಟಿಗೆ. ಕುಯಾಬಾ ಬಿಟ್ಟಮ್ಯಾಲ ಮೊದಲು ಬಯಲುಸೀಮಿ, ಹುಲ್ಲೈತಿ. ದಟ್ಟ ಕಾಡು ಹೊಕ್ಕ ಕೂಡಲೇ ನೆಲದಾಗ ಬಿಸಲು ಬೀಳೂದುಲ್ಲ, ಹುಲ್ಲು ಹುಟ್ಟೂದುಲ್ಲ. ರಾತ್ರಿ ರಕ್ತ ಹೀರೋ ಬಾವಲಿ ಕತ್ತು, ಬೆನ್ನು ಕಚ್ಚತಾವ, ಆ ಗಾಯದ ಮ್ಯಾಲ ಮರುದಿನ ತಡಿ ಕಟ್ಟಿದ್ರ ತಿಕ್ಕಿ ಹುಣ್ಣಾಗ್ತೈತಿ, ಹುಣ್ಣಿನ್ಯಾಗ ನೊಣ ಮೊಟ್ಟಿ ಇಟ್ಟು ಹುಳ ಬೀಳತಾವ. ಸತ್ತ ಕುದುರೆ ಕ್ಯಾಂಪು ಅನ್ನೋ ಹೆಸರು ಬಂದದ್ದು 1920ರಾಗ ಮಾಡಿದ್ದ ಹಿಂದಿನ ತಿರುಗಾಟದಾಗ ಅವನ ಕುದುರಿ ಅಲ್ಲಿ ಸತ್ತದ್ದಕ್ಕ. 1925ರಾಗ ಅಲ್ಲಿಂದ ಇಬ್ಬರು ಕೂಲಿಯವರನ್ನ ಪತ್ರ ಕೊಟ್ಟು ವಾಪಸ್ ಕಳಿಸಿದ. ಮುಂದ ಹೋದವರು ಮೂವರೇ, ರಿಮೆಲ್‌ಗೆ ಉಣ್ಣಿ ಕಚ್ಚಿ ಕಾಲು ಬಾತಿತ್ತು.

ಕಾಡಿನ್ಯಾಗ ಬೇಟಿ ಸಿಗೂದುಲ್ಲೇನು ಅಂತ ಮಕ್ಕಳು ಕೇಳತಾರ. ಅಮೆಜಾನಿನ ಜೀವರಾಶಿ ಬಾಳಷ್ಟು ಮರದ ತುದಿಗೆ ಇರತೈತಿ, ಕೆಳಗ ನಡಿಯೋ ಮನಷ್ಯಾಗ ಕಾಣೂದು ಕಮ್ಮಿ. ದೊಡ್ಡ ಪ್ರಾಣಿ ರಾತ್ರಿ ತಿರಗತಾವ. ಬಂದೂಕಿನ ಸಪ್ಪಳಾದ್ರ ಮುಂದಿನ ಬೇಟಿಯೂ ಹೋತು. ಮೀನು ಚಲೋ ಆಧಾರ, ಆದ್ರ ಮಳಿಗಾಲದಾಗ ನೀರು ಕಾಡಿನ ತುಂಬ ಹರಡತೈತಿ, ಮೀನೂ ಅದರ ಜೋಡಿ ಚದರತಾವ. ಅಲ್ಲಿಯ ಮಂದಿ ಹೊಟ್ಟಿ ತುಂಬಸ್ಕೊಳ್ಳೋದು ಮರಗೆಣಸಿನ ತ್ವಾಟದಿಂದ ಮತ್ತ ಮೀನಿನ ಬಲಿಯಿಂದ. ಪರದೇಶಿ ತಂಡಗಳು ಬದುಕಿ ಬಂದಿದ್ರ ಆ ಊರವರು ಹಾಕಿದ ಊಟದ ಮ್ಯಾಲೇ.

ಫಾಸೆಟ್ ಸಣ್ಣ ತಂಡ ಒಯ್ದದ್ದು ಹುಚ್ಚಲ್ಲ, ಲೆಕ್ಕ ಇತ್ತು: ಮಂದಿ ಕಮ್ಮಿ ಇದ್ರ ಊರವರು ದಂಡು ಬಂತಂತ ಅಂಜೂದುಲ್ಲ, ಉಣ್ಣೋ ಬಾಯಿನೂ ಕಮ್ಮಿ. ಆದ್ರ ಮೂವರಾಗ ಒಬ್ಬ ಕುಂಟಿದ್ರ ಮುಗೀತು, ಹೊರಾಕ ಯಾರೂ ಇಲ್ಲ. ನನ್ನ ಕೇಳಿದ್ರ ಅವನ ತಪ್ಪು ಸಂಖ್ಯಾದಾಗ ಇಲ್ಲ. ತಾ ಬರದಿದ್ರ ಯಾರೂ ಹುಡಕಾಕ ಬರಬ್ಯಾಡ್ರಿ ಅಂದು, ದಾರಿನೂ ಮುಚ್ಚಿಟ್ಟು ಹೋದದ್ದು ತಪ್ಪು. 1928ರಾಗ ಜಾರ್ಜ್ ಡಯಾಟ್ ಅನ್ನಾವ ಹುಡಕಾಕ ಹೋದಾಗ ಅದರ ಬೆಲಿ ಗೊತ್ತಾತು.

ಔಷಧದ ಡಬ್ಬಿ ಇಡೋದಿದ್ರ ಕ್ವಿನೈನ್ (ಮಲೇರಿಯಾ ಜ್ವರದ ಔಷಧ) ಅಂತ ಚೀಟಿ ಹಚ್ಚಿ ಖಾಲಿ ಸೀಸೆ ಇಡ್ರಿ. ಕಾಂಬೋಡಿಯಾದ ಅಂಗ್‌ಕೋರ್‌ಗೆ ಹೋಗಿದ್ದ ಹೆನ್ರಿ ಮೂಹೊ 1861ರಾಗ ಲಾವೋಸಿನ ಕಾಡಿನ್ಯಾಗ ಜ್ವರ ಬಂದೇ ಸತ್ತ.

ಮೇಣಬಸದಿ

ಹುಡುಕಿದ್ದಕ್ಕಿಂತ ಸಿಕ್ಕದ್ದನ್ನು ಹೇಗೆ ದಾಖಲು ಮಾಡಿದರು ಅನ್ನೋದು ನನಗೆ ಮೇಲಾದ ವಿಷಯ. ಐಹೊಳೆ ಪಕ್ಕದ ಮಕ್ಕಳಿಗೆ ಅದು ಬೇಗ ಹತ್ತುತ್ತದೆ ಕೂಡ.

ಸ್ಟೀಫನ್ಸ್ ಮತ್ತು ಕ್ಯಾಥರ್‌ವುಡ್ 1839ರಲ್ಲಿ ಕೋಪಾನ್ ಮುಟ್ಟಿದರು. ಜಾಗವನ್ನು ಸ್ಟೀಫನ್ಸ್ 50 ಡಾಲರಿಗೆ ಕೊಂಡದ್ದು ಎಲ್ಲರೂ ಹೇಳುವ ಕಥೆ. ಕ್ಯಾಥರ್‌ವುಡ್ ಕೆಸರಲ್ಲಿ ನಿಂತು, ಸೊಳ್ಳೆಗೆ ಅಂಜಿ ಕೈಗವಸು ತೊಟ್ಟೇ ಚಿತ್ರ ಬರೆದ. ಮೊದಮೊದಲು ಅವನಿಗೆ ಕೈ ಹತ್ತಲಿಲ್ಲ, ಆ ಕೆತ್ತನೆ ಯುರೋಪಿನವರ ಕಣ್ಣಿಗೆ ರೂಢಿಯಾದದ್ದಲ್ಲ. ಕಂಬದ ಮುಂದಿನ ಮರ ಕಡಿಸಿ ಬೆಳಕು ಬಿಟ್ಟ ಮೇಲೆ ಉಬ್ಬುತಗ್ಗು ಕಂಡವು. ಅವನು ಬಳಸಿದ್ದು ಕ್ಯಾಮೆರಾ ಲ್ಯೂಸಿಡಾ, ಕಡ್ಡಿಯ ತುದಿಗೆ ಕೂಡಿಸಿದ ಸಣ್ಣ ಪಟ್ಟಕ. ಒಳಗೆ ನೋಡಿದರೆ ಎದುರಿನ ಕಲ್ಲೂ ಕೆಳಗಿನ ಕಾಗದವೂ ಒಂದರ ಮೇಲೊಂದು ಕಾಣುತ್ತವೆ, ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ತಲೆ ಒಂಚೂರು ಅಲುಗಿದರೆ ಗೆರೆ ಕೂಡುವುದಿಲ್ಲ. ಮೇಜಿನ ಮೇಲೆ ಇದನ್ನು 45 ಡಿಗ್ರಿ ಓರೆ ಗಾಜಿನಿಂದ ಮಾಡಬಹುದು. ಒಂದೇ ಗಾಜಾದರೆ ಚಿತ್ರ ತಲೆಕೆಳಗಾಗುತ್ತದೆ, ಅದಕ್ಕೆ ವಸ್ತುವನ್ನೇ ತಲೆಕೆಳಗೆ ಇಡಿ. ಆಗ ಎಡಬಲ ಮಾತ್ರ ಅದಲುಬದಲಾಗುತ್ತದೆ, ಒಂದು ಅಕ್ಷರ ಇಟ್ಟು ನೋಡಿ. ವಸ್ತುವಿನ ಮೇಲೆ ಬೆಳಕು ಜಾಸ್ತಿ, ಕಾಗದದ ಮೇಲೆ ಕಮ್ಮಿ ಇರಬೇಕು, ಇಲ್ಲದಿದ್ದರೆ ಬಿಂಬ ಕಾಣುವುದೇ ಇಲ್ಲ.

1881ರಿಂದ ಮಾಯಾ ನಗರಗಳಲ್ಲಿ ಕೆಲಸ ಮಾಡಿದ ಮಾಡ್ಸ್‌ಲಿ ಒದ್ದೆ ಕಾಗದದ ಅಚ್ಚು ತೆಗೆದ, ಪ್ಲಾಸ್ಟರಿನ ಅಚ್ಚೂ ಮಾಡಿಸಿದ. ಹಲವು ಪದರ ಒದ್ದೆ ಕಾಗದವನ್ನು ಬ್ರಷ್ಷಿನಿಂದ ಬಡಿದು ಕೆತ್ತನೆಯೊಳಗೆ ಇಳಿಸುವುದು, ಒಣಗಿ ಗಟ್ಟಿಯಾದ ಮೇಲೆ ಬಿಡಿಸುವುದು. ಮಳೆ ಬಂದರೆ ಇಡೀ ದಿನದ ಕೆಲಸ ಅಂಬಲಿ.

ಇದರ ಸೋದರಸಂಬಂಧಿ ನಮ್ಮ ಶಾಸನದ ಪಡಿಯಚ್ಚು. ಮಕ್ಕಳು ಮಾಡಲಿ, ಆದರೆ ಐಹೊಳೆ, ಪಟ್ಟದಕಲ್ಲಿನ ಕಲ್ಲಿನ ಮೇಲಲ್ಲ. ಅವು ಸಂರಕ್ಷಿತ, ಅಪ್ಪಣೆ ಇಲ್ಲದೆ ಮುಟ್ಟುವಂತಿಲ್ಲ. ಒಂದು ಶಹಾಬಾದ ಫರಸಿಯ ಮೇಲೆ ಗೌಂಡಿಯಿಂದ 2–3 ಮಿ.ಮೀ. ಆಳಕ್ಕೆ ನಾಲ್ಕು ಅಕ್ಷರ ಕೆತ್ತಿಸಿ. ಮೇಗುತಿ ಶಾಸನದ ಕವಿ 'ರವಿಕೀರ್ತಿ'ಯ ಹೆಸರೇ ಇರಲಿ. ಕಲ್ಲನ್ನು ನಾರಿನ ಬ್ರಷ್ಷಿನಿಂದ ತೊಳೆದು (ತಂತಿ ಬ್ರಷ್ ಬೇಡ, ಪ್ರದರ್ಶನದ ಕಲ್ಲಿಗೂ ಆ ರೂಢಿ ಬೇಡ), ಒದ್ದೆ ಇರುವಾಗಲೇ ನೆನೆಸಿದ ಮೆತ್ತನೆಯ ಕಾಗದ ಹಾಸಿ. ನ್ಯೂಸ್‌ಪ್ರಿಂಟ್ ಹರಿಯುತ್ತದೆ, ಡ್ರಾಯಿಂಗ್ ಶೀಟು ಬಗ್ಗುವುದಿಲ್ಲ, ಕೈಕಾಗದ ತೆಳುವಾದದ್ದು ಸರಿ. ನಡುವಿನಿಂದ ಅಂಚಿನ ಕಡೆಗೆ ಬ್ರಷ್ಷಿನಿಂದ ತಟ್ಟುತ್ತ ಗಾಳಿ ಹೊರಡಿಸಿ. ಗುಳ್ಳೆ ಉಳಿದ ಕಡೆ ಅಕ್ಷರ ಬರುವುದಿಲ್ಲ. ಆಮೇಲೆ ಕಾಯಬೇಕು, ಹುಡುಗರು ಕೆಡಿಸುವುದೇ ಇಲ್ಲಿ. ಕಾಗದದ ಹೊಳಪು ಹೋಗಿ, ಕೈಗೆ ಇನ್ನೂ ತಣ್ಣಗೆ ಹತ್ತುವಾಗ ಮಸಿ. ಬೇಗ ಹಾಕಿದರೆ ಹೀರಿಕೊಂಡು ಹರಡುತ್ತದೆ, ತಡವಾದರೆ ಕಾಗದ ಕಲ್ಲಿನಿಂದ ಎದ್ದುಬಿಡುತ್ತದೆ. ದೀಪದ ಕಾಡಿಗೆಗೆ ಗೋಂದು ಕಲಸಿದ ಮಸಿಯನ್ನು ಅರಳೆ ತುಂಬಿದ ಬಟ್ಟೆಯ ಗುಂಡಿಗೆ ಸವರಿ, ಮೊದಲು ಹಲಗೆಯ ಮೇಲೆ ತಟ್ಟಿ ಹೆಚ್ಚಿನದ್ದು ತೆಗೆದು, ಕಾಗದದ ಮೇಲೆ ಹಗುರಾಗಿ ತಟ್ಟುತ್ತ ಹೋಗಿ. ಅಕ್ಷರ ಬಿಳಿ, ಬಯಲು ಕಪ್ಪು.

ಬಿಂಗಮ್ ಫಲಕಕ್ಕೆ ಒಂದು ಮಾತು. 1911ರ ಜುಲೈ 24ರಂದು ಅವನನ್ನು ಮಾಚು ಪಿಚುವಿಗೆ ಕರೆದೊಯ್ದವನು ಮೆಲ್ಚೋರ್ ಆರ್ಟೆಯಾಗ, ಕೂಲಿ ಒಂದು ಸೋಲ್ (ಪೆರುವಿನ ನಾಣ್ಯ). ಮೇಲೆ ರೈತ ಕುಟುಂಬಗಳು ಆ ಹಳೇ ಮೆಟ್ಟಿಲುಹೊಲದಲ್ಲೇ ಬೆಳೆ ತೆಗೆಯುತ್ತಿದ್ದವು. ಲಿಸಾರ್ರಾಗ ಎಂಬಾತ 1902ರಲ್ಲೇ ಗೋಡೆಯ ಮೇಲೆ ತನ್ನ ಹೆಸರು ಬರೆದು ಹೋಗಿದ್ದ. ಅವರ ಹೆಸರೂ ಬರಲಿ. ಇನ್ನೊಂದು, ಬಿಂಗಮ್ ಹುಡುಕುತ್ತಿದ್ದದ್ದು ಇಂಕಾಗಳ ಕೊನೆಯ ರಾಜಧಾನಿ ವಿಲ್ಕಬಾಂಬ. ಅದೇ ವರ್ಷ ಎಸ್ಪಿರಿತು ಪಂಪಾದಲ್ಲಿ ಅದರೊಳಗೇ ನಿಂತಿದ್ದ, ಸ್ಪೇನಿನ ಮಾದರಿಯ ಹಂಚಿನ ಚೂರು ಕಂಡು ಗೊಂದಲಪಟ್ಟು ಮುಂದೆ ಹೋದ. ಸ್ಪೇನಿನವರು ಬಂದ ಮೇಲೆ ಕಟ್ಟಿದ ಇಂಕಾ ನಗರಕ್ಕೆ ಆ ಹಂಚೇ ಸಾಕ್ಷಿಯಾಗಿತ್ತು.

ಹುನಗುಂದ ಮಾಸ್ತರ

ಮೂವರಿಗೂ ಉಪಕಾರಾತ್ರಿ. ಕೋಲು, ಫರಸಿ ಎರಡೂ ಪಕ್ಕಾ. ಥರ್ಮೊಕೋಲ್ ಗೋಪುರದ ಹುಡುಗ ಮಾತ್ರ ಕೇಳವಲ್ಲ. 'ಝಡ್ ಸಿಕ್ಕೈತಿ, ಕುಹಿಕುಗು ಅಂತ ಹೆಸರು' ಅಂತ ಮೊಬೈಲ್ ತೋರಸ್ತಾನ.

ಮಸಾರಿ ಹೊಲ

ಹುಡುಗ ಅರ್ಧ ಸರಿ ಇದ್ದಾನೆ. ಕುಹಿಕುಗು ಖರೆ, ಗೋಪುರ ಸುಳ್ಳು.

ಫಾಸೆಟ್‌ನ ತಲೆಯಲ್ಲಿದ್ದದ್ದು ಕಲ್ಲಿನ ನಗರ. ರಿಯೊ ಗ್ರಂಥಾಲಯದ '512ನೇ ಹಸ್ತಪ್ರತಿ'ಯಲ್ಲಿ, 1753ರ ಒಂದು ವರದಿಯಲ್ಲಿ, ಕಮಾನು, ವಿಗ್ರಹ, ಅಗಲ ಬೀದಿಯ ಪಾಳು ನಗರದ ವರ್ಣನೆ ಇದೆ. ಅದು ಬಾಯಿಯಾ ಪ್ರಾಂತದ ಒಳನಾಡಿನದ್ದು, ಝಡ್ ಅಂತ ಅವನು ಹೊರಟದ್ದು ಮೇಲಿನ ಶಿಂಗು ಇರುವ ಮಾತೊ ಗ್ರೊಸೊ ಕಡೆಗೆ. ಎರಡನ್ನೂ ಒಂದೇ ಮಾಡಿ ಬರೆಯುವವರು ಬಹಳ, ನಿಮ್ಮ ಫಲಕದಲ್ಲಿ ಬೇರೆ ಬೇರೆ ಇರಲಿ.

ಮೇಲಿನ ಶಿಂಗು ಬಯಲಿನಲ್ಲಿ ಕಟ್ಟಡಕ್ಕಾಗುವ ಕಲ್ಲೇ ಅಪರೂಪ. ಪುರಾತತ್ವಜ್ಞ ಮೈಕಲ್ ಹೆಕೆನ್‌ಬರ್ಗರ್ ಅಲ್ಲಿಯ ಕುಯಿಕುರು ಜನರ ಜೊತೆ ಅಳೆದು 2003ರಲ್ಲಿ ಪ್ರಕಟಿಸಿದ್ದು ಮಣ್ಣಿನ ನಗರಗಳನ್ನು, ಕುಹಿಕುಗು ಅವುಗಳಲ್ಲೊಂದು. ಆ ಪ್ರಬಂಧಕ್ಕೆ ಕುಯಿಕುರು ಜನರೂ ಸಹಲೇಖಕರು. ಸುಮಾರು 1250ರಿಂದ 1600ರವರೆಗೆ ಅವು ತುಂಬಿದ್ದವು: ನಡುವೆ ದುಂಡು ಬಯಲು, ಸುತ್ತ ಕಂದಕ, ಊರಿಂದೂರಿಗೆ ನೇರ ಅಗಲ ರಸ್ತೆ. ಗೋಡೆ, ಛಾವಣಿ ಎಲ್ಲ ಕಟ್ಟಿಗೆ ಮತ್ತು ಹುಲ್ಲು. ಪರದೇಶದ ರೋಗ ಬಂದು ಜನ ಸತ್ತ ಮೇಲೆ ಅವು ಕೊಳೆತು ಕಾಡಾಯಿತು. ಉಳಿದದ್ದು ಮಡಕೆ ಚೂರು, ಇದ್ದಲು ಬೆರೆತ ಕಪ್ಪು ಫಲವತ್ತಾದ ಮಣ್ಣು, ಹೂತ ಕಂದಕ. ಕಲ್ಲಿನ ಕಮಾನು ಹುಡುಕುವವನು ಆ ಕಂದಕ ಇಳಿದು ಹತ್ತಿದರೂ ಹಳ್ಳ ದಾಟಿದೆ ಅಂದುಕೊಳ್ಳುತ್ತಾನೆ. ಇದೇ ಝಡ್ ಅಂತ ಮುದ್ರೆ ಒತ್ತಲು ಆಧಾರ ಸಾಲದು. ಫಾಸೆಟ್ ಹೊರಟ ದಿಕ್ಕಿನಲ್ಲೇ ದೊಡ್ಡ ಊರುಗಳಿದ್ದವು ಅಂತ ಬರೆದರೆ ಯಾರೂ ತಕರಾರು ತೆಗೆಯುವುದಿಲ್ಲ.

ಲೈಡಾರ್ ಬಗ್ಗೆ ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ವಿಮಾನದಿಂದ ಸೆಕೆಂಡಿಗೆ ಲಕ್ಷದ ಲೆಕ್ಕದಲ್ಲಿ ಲೇಸರ್ ಮಿಡಿತ ಬಿಡುತ್ತಾರೆ. ಹೆಚ್ಚಿನವು ಎಲೆಗೆ ಬಡಿದು ಮರಳುತ್ತವೆ, ಕೆಲವೇ ಸಂದಿಯಲ್ಲಿ ನೆಲ ಮುಟ್ಟುತ್ತವೆ. ಆ ಕೊನೆಯ ಮರಳುಗಳನ್ನಷ್ಟೇ ಉಳಿಸಿಕೊಂಡರೆ ಕಾಡು ಕಳಚಿದ ನೆಲ ಬರುತ್ತದೆ. 2009ರಲ್ಲಿ ಬೆಲೀಜಿನ ಕಾರಕೋಲ್‌ನಲ್ಲಿ ಹೀಗೆ ಸುಮಾರು 200 ಚ.ಕಿ.ಮೀ. ನೋಡಿದರು. ಕೆಡುವುದು ಎಲ್ಲಿ ಅಂದರೆ, ಕಡಿದು ಬಿಟ್ಟ ಜಾಗದ ಗಿಡ್ಡ ದಟ್ಟ ಪೊದೆಯಲ್ಲಿ. ಎತ್ತರದ ಕಾಡಿಗಿಂತ ಅದು ಕೆಟ್ಟದ್ದು, ಪೊದೆಯ ತಲೆಯನ್ನೇ ಯಂತ್ರ ನೆಲ ಅಂದುಕೊಳ್ಳುತ್ತದೆ. ಕೊನೆಗೆ ಯಾರಾದರೂ ನಡೆದು ಹೋಗಿ ನೋಡಲೇಬೇಕು.

ಮಾಡೆಲ್ ಅಳತೆ 1:1000 ಇಟ್ಟುಕೊಳ್ಳಿ. 50 ಹೆಕ್ಟೇರಿನ ಊರು 70 ಸೆಂ.ಮೀ. ಚೌಕಕ್ಕೆ ಬರುತ್ತದೆ, 3 ಅಡಿ ಅಗಲದ ಮೇಜಿಗೆ ಸರಿ. ನಡುಬಯಲು 150 ಮೀಟರ್ ಅಂದರೆ 15 ಸೆಂ.ಮೀ. ರಸ್ತೆ 1ರಿಂದ 2 ಸೆಂ.ಮೀ. ಕಂದಕದ 5 ಮೀಟರ್ ಆಳ ಬರೀ 5 ಮಿ.ಮೀ. ಆಗಿ ಕಣ್ಣಿಗೆ ಬೀಳುವುದಿಲ್ಲ. ಆಳವನ್ನು ಮಾತ್ರ ಎರಡು ಪಟ್ಟು ಮಾಡಿ, ಹಾಗೆ ಮಾಡಿದ್ದೇವೆ ಅಂತ ಚೀಟಿ ಅಂಟಿಸಿ. ಥರ್ಮೊಕೋಲ್ ವ್ಯರ್ಥವಾಗಬಾರದು ಅಂತಿದ್ದರೆ ಅಡಿಪಾಯಕ್ಕೆ ಹಾಕಿ, ಮೇಲೆ 2 ಸೆಂ.ಮೀ. ಮಣ್ಣು.

ಬರೀ ಎರಿ ಮಣ್ಣು ಬಳಸಿದರೆ ಒಣಗಿದ ಕೂಡಲೇ ಹೊಲದ ಹಾಗೆ ಬಿರಿಯುತ್ತದೆ. ಎರಿ ಒಂದು ಪಾಲು, ಮಸಾರಿ ಎರಡು ಪಾಲು, ಜರಡಿ ಹಿಡಿದ ಉಸುಕು ಒಂದು ಪಾಲು, ಒಂದು ಬುಟ್ಟಿ ಮಣ್ಣಿಗೆ ಎರಡು ಹಿಡಿ ಜೋಳದ ಹೊಟ್ಟು. ಒಂದು ರಾತ್ರಿ ನೆನೆಸಿ, ಮರುದಿನ ತುಳಿದು, ರೊಟ್ಟಿ ಹಿಟ್ಟಿನ ಹದಕ್ಕೆ ತನ್ನಿ. ಕಂದಕ, ರಸ್ತೆ ಎಲ್ಲ ಹಸಿ ಇದ್ದಾಗಲೇ ಚಮಚದ ಹಿಡಿಯಿಂದ ಕೊರೆಯಿರಿ. ಕಪ್ಪು ಮಣ್ಣಿನ ಜಾಗಕ್ಕೆ ಪುಡಿ ಇದ್ದಲು, ಒಡೆದ ಗಡಿಗೆಯ ಸಣ್ಣ ಚೂರು ಒತ್ತಿ. ನೆರಳಿನಲ್ಲಿ ಒದ್ದೆ ಗೋಣಿತಟ್ಟು ಮುಚ್ಚಿ ಮೂರು ದಿನ ಬಿಡಿ. ಬಿಸಿಲಿಗಿಟ್ಟರೆ ಮೇಲ್ಪದರ ಮೊದಲು ಒಣಗಿ ಅಂಚು ಮೇಲೇಳುತ್ತದೆ. ಕೂದಲೆಳೆ ಬಿರುಕು ಬಂದರೆ ಅದೇ ಮಣ್ಣು ತೆಳ್ಳಗೆ ಕಲಸಿ ಬೆರಳಿನಿಂದ ತುಂಬಿ, ಒಣ ಮಣ್ಣು ಒತ್ತಬೇಡಿ, ಹಿಡಿಯುವುದಿಲ್ಲ.